ಕೆಂಚೇಗೌಡರ ಚೀಲ

ಪವಿತ್ರಳ ಅಪ್ಪ, ಅರಕೆರೆಯ ಕೆಂಚೇಗೌಡರು, ಒಂದೇ ಕೆಲಸಕ್ಕೆಂದು ಬಸ್ಸು ಹತ್ತಿದವರೇ ಅಲ್ಲ. ಪಾಂಡವಪುರಕ್ಕೆ ಹೆಣ್ಣು ನೋಡಲು ಹೋದ ದಿನವೂ ಮಚ್ಚಿಗೆ ಸಾಣೆ ಹಿಡಿಸಿಕೊಂಡು ಬಂದಿದ್ದರಂತೆ. ಅವ್ವ ಇಂದಿಗೂ ಅದನ್ನು ಆಡಿಕೊಳ್ಳುತ್ತಾಳೆ. ನಾಗಮಂಗಲದ ಭಾವ ತೀರಿಕೊಂಡಾಗ ಮಣ್ಣಿಗೆ ಹೋದವರು ತೆಂಗಿನ ಸಸಿ ಹಿಡಿದು ಮರಳಿದ್ದರು. "ಬಸ್ಸತ್ತುದ್ ಮ್ಯಾಕೆ ಎಲ್ಡ್ ಕೆಲ್ಸನಾರ ಆಗ್ಬೇಕು ಕಣ್ಲಾ" ಎಂದು ಊರಿಗೆಲ್ಲ ಉಪದೇಶ ಬೇರೆ. ಹೀಗಾಗಿ ಮಗಳನ್ನು ಸಿಇಟಿ ಬರೆಸಲು ಮೈಸೂರಿಗೆ ಕರೆದೊಯ್ಯುತ್ತಾರೆಂದು ತಿಳಿದದ್ದೇ ತಡ, ಪಂಪಿನ ವಾಷರು ತರಬೇಕೆಂದು ಒಬ್ಬರು, ಮುರಿದ ಕನ್ನಡಕ ಹಿಡಿದು ಇನ್ನೊಬ್ಬರು ಜಗಲಿಗೆ ಬಂದರು. ಅವ್ವ ಕಲಾಯಿ ಹಾಕಿಸಲು ಹಿತ್ತಾಳೆ ತಪ್ಪಲೆಯನ್ನೇ ಚೀಲಕ್ಕೆ ತುರುಕಿದಳು. ಇಷ್ಟೆಲ್ಲ ಕೆಲಸದ ನಡುವೆ ಪರೀಕ್ಷೆಯೂ ಎಲ್ಲೋ ಮುಗಿದುಹೋಗುತ್ತದೆಂದು ಪವಿತ್ರ ನಿಶ್ಚಿಂತೆಯಾಗಿದ್ದಳು. ಬೆಳಿಗ್ಗೆ ನೋಡಿದರೆ ತಪ್ಪಲೆ, ಕನ್ನಡಕ ಎರಡೂ ಜಗಲಿಯ ಮೇಲಿವೆ. ಅಪ್ಪ ಅದೇ ಮಚ್ಚಿನಲ್ಲಿ ಪೆನ್ಸಿಲ್ಲು ಹೆರೆಯುತ್ತಿದ್ದಾರೆ. ಎರಡು ಪೆನ್ಸಿಲ್ಲು, ಒಂದು ರಬ್ಬರು, ಹಾಲ್‌ಟಿಕೆಟ್ಟು ಬಿಟ್ಟರೆ ಚೀಲದಲ್ಲಿ ಏನೂ ಇಲ್ಲ. "ತಪ್ಪಲೆ?" ಎಂದಳು ಅವ್ವ. "ಇವತ್ತು ಒಂದೇ ಕೆಲ್ಸ, ಬುಡಮ್ಮಿ" ಎಂದರು ಅಪ್ಪ. ಆ ಹಗುರ ಚೀಲ ಅಪ್ಪನ ಹೆಗಲಿಗೇರಿದಾಗ ಪವಿತ್ರಳಿಗೆ ಮೊದಲ ಸಲ ಪರೀಕ್ಷೆ ಭಾರವೆನಿಸಿತು.