ತಾವು ಧಾರು?

ದೊಡ್ಡಮುನಿಯಪ್ಪ ಎಂಬ ಅಷ್ಟುದ್ದದ ಹೆಸರಿಟ್ಟವರು ಹೆತ್ತವರು. ಅದನ್ನು ಕತ್ತರಿಸಿ 'ಮುನಿಯ' ಮಾಡಿದ್ದು ಬೂದಿಗೆರೆ ಪಕ್ಕದ ಅವನ ಹಳ್ಳಿ. ಅವನು ಪಟೇಲ ವೆಂಕಟರಾಯಪ್ಪನವರ ಮನೆಯ ಆಳು. ಪಟೇಲರ ಮೊಮ್ಮಗು ಮಾತು ಕಲಿತಾಗ ಮೊದಲು 'ಅಮ್ಮ' ಎಂದಿತು, ಆಮೇಲೆ 'ಲೇ ಮುನ್ಯಾ' ಎಂದಿತು. ಮನೆಯವರೆಲ್ಲ ನಕ್ಕರು, ಮುನಿಯಪ್ಪನೂ ನಕ್ಕ. ನಕ್ಕ ಮಾತ್ರಕ್ಕೆ ಸಂಕಟವಾಗಲಿಲ್ಲ ಎಂದೇನೂ ಅಲ್ಲ.

ಅವನಿಗಿದ್ದದ್ದು ಒಂದೇ ಆಸೆ. ಹೊಲವಲ್ಲ, ಹಸುವಲ್ಲ. ಯಾರಾದರೂ ಒಮ್ಮೆ ತನ್ನ ಮುಂದೆ ಕೈಕಟ್ಟಿ ನಿಂತು 'ತಾವು' ಎನ್ನಬೇಕು. ಹೆಂಡತಿ ಪಾಪಕ್ಕನಿಗೆ ಹೇಳಿಕೊಂಡರೆ, "ಅದಕ್ಕೇನು, ನಾನೇ ಅಂತೀನಿ. ತಾವು ಮುದ್ದೆ ಉಣ್ತೀರಾ?" ಎಂದು ಕೆಣಕಿದಳು. ಹೆಂಡತಿ ಅಂದದ್ದು ಲೆಕ್ಕಕ್ಕೆ ಬರುತ್ತದೆಯೇ!

ಆಸೆ ಹತ್ತಿಸಿದ್ದು ಬಯಲಾಟ. ಸುಗ್ಗಿ ಮುಗಿದ ಮೇಲೆ ಊರವರು ಆಡುತ್ತಿದ್ದ ಆಟದಲ್ಲಿ ಚಂದನಾವತಿ ಎಂಬ ರಾಜ್ಯ. ಅಲ್ಲಿ ದೊರೆ, ದೊರೆಯ ಕೆಳಗೆ ಮಂತ್ರಿ, ಸಾಮಂತರು, ಕಟ್ಟಕಡೆಗೆ ಬಾಗಿಲು ಕಾಯುವವನು. ಕಟ್ಟುಕಥೆಯ ರಾಜ್ಯವಾದರೇನು, ವೇಷ ಹಂಚುತ್ತಿದ್ದದ್ದು ಊರಿನ ಅಂತಸ್ತು ನೋಡಿಯೇ. ದೊರೆ ರಿಪುಕೇತುವಿನ ವೇಷಕ್ಕೆ ಪಟೇಲರ ತಮ್ಮ ಆದಿನಾರಾಯಣಪ್ಪ, ಬಾಗಿಲಿಗೆ ಮುನಿಯ. ದೊರೆ ರಂಗಕ್ಕೆ ಬಂದಾಗ ಸಾರಥಿ ಬಗ್ಗಿ, "ಬಂದಂಥವರು ತಾವು ಧಾರು?" ಎಂದು ಕೇಳುವುದು ಪದ್ಧತಿ. ಬರೀ 'ಯಾರು' ಎಂದರೆ ಆಟದ ಗತ್ತು ಬರುವುದಿಲ್ಲ. ಆ ಮಾತು ಕೇಳಿದಾಗಲೆಲ್ಲ ಭರ್ಜಿ ಹಿಡಿದು ನಿಂತ ಮುನಿಯಪ್ಪನ ಮೈ ಜುಮ್ಮೆನ್ನುತ್ತಿತ್ತು.

ಯುದ್ಧದಿಂದ ಸೀಮೆಎಣ್ಣೆಗೆ ತತ್ವಾರ ಬಂದ ವರ್ಷ, ಗ್ಯಾಸ್‌ಲೈಟಿಗೆ ಎಣ್ಣೆಯಿಲ್ಲದೆ ಆಟವನ್ನು ಹಗಲಲ್ಲೇ ಆಡುವುದೆಂದಾಯಿತು. ಅವತ್ತು ಬೆಳಿಗ್ಗೆಯೇ ಆದಿನಾರಾಯಣಪ್ಪನ ಗಂಟಲು ಕಟ್ಟಿತು. ಬಾಯಿ ತೆಗೆದರೆ ಬರೀ ಗಾಳಿ. ಕೇಳಿ ಕೇಳಿ ದೊರೆಯ ಮಾತು ಬಾಯಿಪಾಠವಾಗಿದ್ದದ್ದು ಮುನಿಯಪ್ಪನಿಗೊಬ್ಬನಿಗೇ. ಆಟ ಕಲಿಸುವ ಗಂಗಣ್ಣ, ದೊರೆಯ ವೇಷ ಮುನಿಯನಿಗೆ ಕಟ್ಟಲೇ ಎಂದು ಅಳುಕುತ್ತಲೇ ಪಟೇಲರನ್ನು ಕೇಳಿದ.

"ಕಟ್ಕೊಳ್ಲಿ ಬಿಡಯ್ಯ" ಎಂದರು ಪಟೇಲರು. "ಸಂಜೆ ಹಾಲು ಕರೆಯೋ ಹೊತ್ಗೆ ಬಿಚ್ಚಿದ್ರೆ ಸಾಕು."

ಕಿರೀಟ ಇಟ್ಟ ಗಂಡನನ್ನು ನೋಡಿ ಪಾಪಕ್ಕ ಬಾಯಿಗೆ ಸೆರಗು ಹಿಡಿದಳು. ಈ ಸಲ ಕೆಣಕಲಿಲ್ಲ.

ತೆರೆ ಸರಿಯಿತು. ಸಾರಥಿಯ ವೇಷ ಮುನಿಯಪ್ಪನ ಓರಗೆಯ ಪಿಳ್ಳಣ್ಣನದು, ಗಾಡಿ ಹೊಡೆಯುವವನು. ಅವನು ಬಗ್ಗಿ ಕೇಳಿದ: "ಬಂದಂಥವರು ತಾವು ಧಾರು?"

ರಾತ್ರಿಯಾಗಿದ್ದರೆ ದೀಪದಾಚೆ ಕತ್ತಲೆ, ಯಾರ ಮುಖವೂ ಕಾಣುತ್ತಿರಲಿಲ್ಲ. ಹಗಲಲ್ಲಿ ಎದುರಿಗೇ ಪಟೇಲರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮುನಿಯಪ್ಪನ ಕಣ್ಣು ಅವರ ಮೇಲೆ ಬಿತ್ತು. ಕೊಟ್ಟಿಗೆಯ ಬಾಗಿಲಲ್ಲಿ 'ಯಾರ್ಲಾ ಅದು?' ಎಂದು ಅವರು ಕೇಳಿದಾಗ ವರ್ಷಗಟ್ಟಲೆ ಕೊಟ್ಟಿದ್ದ ಉತ್ತರವೇ ಬಾಯಿಂದ ಜಾರಿತು.

"ನಾನೇ ಬುದ್ಧಿ, ಮುನಿಯ."

ಬಯಲೆಲ್ಲ ಗೊಳ್ಳೆಂದಿತು. ಪಟೇಲರು ತೊಡೆ ತಟ್ಟಿಕೊಂಡು ನಕ್ಕರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮುನಿಯಪ್ಪನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಪಿಳ್ಳಣ್ಣ ಮಾತ್ರ ನಗಲಿಲ್ಲ. ಬಗ್ಗಿದ ಬೆನ್ನನ್ನು ಎತ್ತಲೂ ಇಲ್ಲ. ನಗು ಇಳಿಯಲಿ ಎಂದು ಕಾದು, ಅದೇ ಗತ್ತಿನಲ್ಲಿ ಕೇಳಿದ: "ದೊಡ್ಡಮುನಿಯಪ್ಪನವರೇ, ತಮ್ಮ ರಾಜ್ಯ ಧಾವುದು?"

ಮುನಿಯಪ್ಪ ಕಿರೀಟ ಸರಿಮಾಡಿಕೊಂಡು, "ಎಲೈ ಸಾರಥಿ, ಚಂದನಾವತಿ ಎಂದು ಕೇಳಿಬಲ್ಲೆ!" ಎಂದ. ಆಟ ಸಾಗಿತು.

ಸಂಜೆ ಬಣ್ಣ ಪೂರ್ತಿ ಹೋಗದ ಮುಖದಲ್ಲೇ ಹಾಲು ಕರೆದ. "ಲೇ ಮುನಿಯ, ಎಷ್ಟೊತ್ಲಾ?" ಎಂದು ಒಳಗಿನಿಂದ ಕೂಗು ಬಂತು. "ಬಂದೆ ಬುದ್ಧಿ" ಎಂದ. ಮರುವರ್ಷ ಆದಿನಾರಾಯಣಪ್ಪನ ಗಂಟಲು ನೆಟ್ಟಗಿತ್ತು. ಭರ್ಜಿ ಮತ್ತೆ ಮುನಿಯಪ್ಪನ ಕೈಗೆ ಬಂತು.

ಆದರೆ ದೇವನಹಳ್ಳಿ ಸಂತೆಗೆ ಪಿಳ್ಳಣ್ಣನ ಗಾಡಿ ಹತ್ತಿದಾಗಲೆಲ್ಲ, ಊರು ಮರೆಯಾದ ಮೇಲೆ, "ಇನ್ನೊಂದ್ಸಲ ಕೇಳ್ಲಾ" ಎನ್ನುತ್ತಿದ್ದ.

"ಏನು, ತಾವು ಧಾರು ಅಂತಾನಾ?"

"ಅದಲ್ಲ ಕಣ್ಲಾ. ಅದು ದೊರೆಗೆ ಕೇಳೋದು. ಅದಾದ್ಮೇಲೆ ನಂಗೆ ಕೇಳ್ದಲ್ಲ, ಅದು."

ಪಿಳ್ಳಣ್ಣ ಬೈದುಕೊಂಡೇ ಎತ್ತು ನಿಲ್ಲಿಸಿ, ಗಾಡಿಯಿಂದಿಳಿದು, ಬಗ್ಗಿ, ಪೂರ್ತಿ ಹೆಸರು ಹಿಡಿದು ಕೇಳುತ್ತಿದ್ದ. ಮುನಿಯಪ್ಪನಿಗೆ ಉತ್ತರ ಗೊತ್ತಿತ್ತು. ಆದರೂ ಇನ್ನೊಂದು ಸಲ ಕೇಳಲಿ ಎಂದು ಸುಮ್ಮನೆ ಕೂತಿರುತ್ತಿದ್ದ.