ಅವ್ವನ ನೋಯದ ಎದೆ

ನಾನು ಚಿಕ್ಕವಳಿದ್ದಾಗ ಹರಿಹರದ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದು ಅವ್ವ ರೊಟ್ಟಿ ಬಡಿಯುವ ಸದ್ದಿನಿಂದ. ಒಂದು ದಿನ ಆ ಸದ್ದು ಅರ್ಧಕ್ಕೇ ನಿಂತಿತು. ಅಡುಗೆಮನೆಗೆ ಓಡಿದೆ. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅವ್ವ ಗೋಡೆಗೊರಗಿ ಕುಳಿತಿದ್ದಳು. ಚಳಿಗಾಲದ ಮುಂಜಾನೆ, ಆದರೂ ಕುಪ್ಪಸವೆಲ್ಲ ಬೆವರಿನಿಂದ ತೊಯ್ದಿತ್ತು.

ಅವ್ವನಿಗೆ ಸಕ್ಕರೆ ಕಾಯಿಲೆ ಇತ್ತು. ಕುತ್ತಿಗೆ ಬೇರೆ ಊದಿಕೊಂಡಿತ್ತು. ನಾಲ್ಕು ದಿನದಿಂದ ಸುಸ್ತಾಗುತ್ತದೆ, ಉಸಿರು ಕಟ್ಟಿದಂತಾಗುತ್ತದೆ ಎನ್ನುತ್ತಿದ್ದಳು. ಅಪ್ಪ, “ಸಕ್ರಿ ಕಾಯ್ಲೆ ಅಂದ್ರೆ ಸುಸ್ತು ಇದ್ದದ್ದೇ” ಎಂದು ಅಂಗಡಿಗೆ ಹೊರಟುಬಿಡುತ್ತಿದ್ದ. ಅವತ್ತು ಮಾತ್ರ ಓಣಿಯ ಡಾಕ್ಟರನ್ನು ಕರೆಸಿದ. ಅವರು ಕೇಳಿದ್ದು ಒಂದೇ ಮಾತು: “ಎದೆ ನೋಯ್ತೈತೇನಮ್ಮ?” ಇಲ್ಲವೆಂದು ಅವ್ವ ತಲೆಯಾಡಿಸಿದಳು. “ಹಂಗಾದ್ರೆ ಗ್ಯಾಸು” ಎಂದು ಪುಡಿ ಕೊಟ್ಟು ಎದ್ದರು. ನಾಡಿ ಕೂಡ ಹಿಡಿದು ನೋಡಲಿಲ್ಲ!

ಹೈಸ್ಕೂಲಿನಲ್ಲಿದ್ದ ಅಕ್ಕನಿಗೆ ರೇಗಿಹೋಯಿತು. “ತುಟಿ ನೀಲಿ ಆಗ್ಯಾವು, ಗ್ಯಾಸಂತೆ! ದಾವಣಗೆರೆಗೆ ಕರ್ಕೊಂಡು ಹೋಗಾನ ನಡಿ ಅಪ್ಪ.”

“ದೊಡ್ಡೋರ ಮುಂದೆ ಬಾಯಿ ಮಾಡಬ್ಯಾಡ” ಎಂದು ಅಪ್ಪ ಗದರಿದ.

“ನೀ ಬರದಿದ್ರೆ ನಾವೇ ಹೋಗ್ತೀವಿ.”

ಅವ್ವನ ಒಂದು ತೋಳನ್ನು ಅಕ್ಕ ಹಿಡಿದಳು, ಇನ್ನೊಂದನ್ನು ನಾನು. ಹತ್ತು ಹೆಜ್ಜೆಗೊಮ್ಮೆ ಅವ್ವ ನಿಲ್ಲುತ್ತಿದ್ದಳು. ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಅಪ್ಪನೂ ಹಿಂದೆಯೇ ಓಡಿ ಬಂದ.

ದಾವಣಗೆರೆಯ ಆಸ್ಪತ್ರೆಯಲ್ಲಿ ಫಿನಾಯಿಲ್ ವಾಸನೆ ಮೂಗಿಗೆ ಅಡರುತ್ತಿತ್ತು. ಅವ್ವನ ಎದೆಬಡಿತ ಬರೆದ ಉದ್ದನೆಯ ಕಾಗದದ ಗೆರೆಗಳನ್ನು ನೋಡಿದ ಡಾಕ್ಟರಮ್ಮ ಅಪ್ಪನ ಕಡೆ ತಿರುಗಿದರು. “ಹೃದಯಾಘಾತ ಆಗೈತ್ರಿ. ಇಷ್ಟು ದಿನ ಏನ್ ಮಾಡ್ತಿದ್ರಿ?”

“ಎದೆನೋವೇ ಇರಲಿಲ್ಲಲ್ರೀ...”

“ಸಕ್ಕರೆ ಕಾಯಿಲೆ ಇದ್ದೋರಿಗೆ ಎಷ್ಟೋ ಸಲ ನೋವೇ ಗೊತ್ತಾಗಲ್ರಿ. ಬೆವರು, ಉಬ್ಬಸ, ಸುಸ್ತು, ಇಷ್ಟೇ ಇರಬಹುದು. ಕುತ್ತಿಗೆ ಊದಿದ್ದು ನೋಡಿದ್ರೆ ಇವರಿಗೆ ಥೈರಾಯ್ಡೂ ಕಮ್ಮಿ ಇದ್ದಂಗೈತೆ. ಎರಡೂ ಸೇರಿ ಹೃದಯಾನ ಹಣ್ಣು ಮಾಡ್ಯಾವು.”

ಮಂಚದ ಮೇಲಿಂದ ಅವ್ವನ ಕ್ಷೀಣ ದನಿ ಕೇಳಿಸಿತು: “ನಾಕು ದಿನದಿಂದ ಹೇಳ್ತಾನೇ ಇದ್ನಲ್ಲ.”



ಅವ್ವ ಉಳಿದಳು. ಆದರೆ ಬುಟ್ಟಿ ತುಂಬ ಬಟ್ಟೆ ಹೊತ್ತು ಹೊಳೆಗೆ ಹೋಗುತ್ತಿದ್ದವಳು, ಆಮೇಲೆ ಅಂಗಳ ದಾಟಲೂ ನಡುವೆ ಕೂರಬೇಕಾಯಿತು. ಆ ನಾಲ್ಕು ದಿನಗಳನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಮಕ್ಕಳೇ, ನಿಮ್ಮ ಕಾಲದಲ್ಲಿ ಬೆರಳಿಗೆ ಸೂಜಿ ಚುಚ್ಚಿದರೆ ಸಕ್ಕರೆ ಎಷ್ಟೆಂದು ಮನೆಯಲ್ಲೇ ತಿಳಿಯುತ್ತದೆ. ಥೈರಾಯ್ಡ್ ಪರೀಕ್ಷೆಗೆ ರಕ್ತ ಒಯ್ಯಲು ಬಾಗಿಲಿಗೇ ಬರುತ್ತಾರೆ. ನಮಗೆ ಇವೆಲ್ಲ ಇರಲಿಲ್ಲ. ಅದಕ್ಕೆ ನನಗೆ ಸಿಟ್ಟಿಲ್ಲ. ಆದರೆ ಎಲ್ಲರಿಗೂ ಕಿವಿ ಇದ್ದವಲ್ಲ? ಸುಸ್ತಾಗುತ್ತಿದೆ ಎಂದು ಒಬ್ಬ ಹೆಂಗಸು ಹೇಳಿದ್ದನ್ನು ಕೇಳಿಸಿಕೊಳ್ಳಲು ಯಾವ ಯಂತ್ರ ಬೇಕಿತ್ತು?