ಆಪಾಗೆ ಬೆನ್ನು ಮಾಡಿದ ಸ್ಕ್ರೀನು

ಎಡಗಿವಿಯ ಹಿಂದೆ ಓಢಣಿ ಸಿಕ್ಕಿಸಿಕೊಂಡು, ತಲೆಯನ್ನು ಭುಜದ ಕಡೆಗೆ ವಾಲಿಸಿ ಕೇಳುತ್ತಿದ್ದರು ಆಪಾ. ಓಢಣಿಯ ಆ ಒಂದು ಅಂಚು ಸದಾ ಮುದುಡಿರುತ್ತಿತ್ತು. ಹುಟ್ಟಿನಿಂದ ಕಣ್ಣು ಕಾಣದ ಅವರಿಗೆ ಲ್ಯಾಪ್‌ಟಾಪು ಎಲ್ಲವನ್ನೂ ಓದಿ ಹೇಳುತ್ತಿತ್ತು. ಅದೂ ಎಂಥ ವೇಗ! ತಗಡಿನ ಮೇಲೆ ಜೋಳ ಸುರಿದಂತೆ. ನಮಗೆ ಒಂದು ಶಬ್ದವೂ ತಿಳಿಯದು. ಅವರು ನಡುನಡುವೆ ನಗುತ್ತಿದ್ದರು.

ಶಹಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದು ಕಂಪ್ಯೂಟರ್ ಅಂಗಡಿ. ಒಂದು ಝೆರಾಕ್ಸ್ ಮಷೀನಿನಿಂದ ಶುರು ಮಾಡಿ, ಯಾರ ಕೈಕಾಲೂ ಹಿಡಿಯದೆ ಬೆಳೆಸಿದ್ದು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ನಮ್ಮ ಓಣಿಯಲ್ಲೇ ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತಿದ್ದ, ಓಣಿಗೆಲ್ಲ ಅಕ್ಕನಾಗಿದ್ದ ಆಪಾ ಆ ಕೆಲವರಲ್ಲಿ ಒಬ್ಬರು. ಅವರು ಲ್ಯಾಪ್‌ಟಾಪು ಕೊಳ್ಳಲು ಬಂದ ದಿನ, "ಮೌಸ್ ಫ್ರೀ ಕೊಡ್ತೀನ್ರಿ ಆಪಾ" ಎಂದು ದೊಡ್ಡ ಮನಸ್ಸು ತೋರಿಸಿದ್ದೆ.

"ಸ್ಕ್ರೀನಿನ ಮ್ಯಾಲ ಬಾಣ ಎಲ್ಲಿ ಹೊಂಟೈತಿ ಅಂತ ನಂಗ ಯಾರ್ ಹೇಳ್ಬೇಕ್ರಿ ಭಾಯಿ? ಅದನ್ನ ನೀವಽ ಇಟ್ಕೋರಿ. ಚೊಲೋ ಹೆಡ್‌ಫೋನ್ ಕೊಡ್ರಿ" ಎಂದರು. ಕೊಟ್ಟೆ.

ಒಂದು ಮಧ್ಯಾಹ್ನ ಅದೇ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದರು. ಅಪ್‌ಡೇಟ್ ಆದಮೇಲೆ ದನಿಯೇ ಹೋಗಿತ್ತು, ಹೆಡ್‌ಫೋನಿನಲ್ಲೂ ಇಲ್ಲ. ಮರುದಿನ ಮುಂಜಾನೆ ಯಾದಗಿರಿಯ ಒಂದು ಕಾಲೇಜಿನಲ್ಲಿ ಪಾಠ ಮಾಡಿ ತೋರಿಸಬೇಕಿತ್ತು. ನೌಕರಿ ಅದರ ಮೇಲೆಯೇ ನಿಂತಿತ್ತು. ಮಾಡಿಕೊಂಡ ತಯಾರಿಯೆಲ್ಲ ಆ ಮೂಕ ಡಬ್ಬಿಯೊಳಗೆ.

"ಕಣ್ಣಿದ್ದೋರಿಗೆ ಸೌಂಡ್ ಹೋದ್ರ ಹಾಡು ಹೋಗ್ತಾವ. ನಂಗ ಮನಿ ಕೀಲಿನಽ ಕಳದಂಗ್ರಿ" ಎಂದರು.

ಕೌಂಟರಿನ ಒಳಗೇ ಸ್ಟೂಲು ಹಾಕಿ ಪಕ್ಕದಲ್ಲಿ ಕೂರಿಸಿಕೊಂಡೆ. ದನಿ ಹೊರಡಿಸುವ ಆಡಿಯೋ ಡ್ರೈವರ್ ಸಾಫ್ಟ್‌ವೇರನ್ನು ತೆಗೆದು ರೀಸ್ಟಾರ್ಟ್ ಮಾಡಿದೆ. ಅದೇ ಹಾಳು ಡ್ರೈವರು ತಾನಾಗಿಯೇ ಬಂದು ಕೂತಿತು. ಮತ್ತೆ ತೆಗೆದೆ, ಮತ್ತೆ ಬಂತು.

"ಏನ್ ಮಾಡಾಕತ್ತೀರಿ, ಹೇಳ್ಕೋತ ಮಾಡ್ರಿ ಭಾಯಿ. ನಾಳಿ ಅಲ್ಲೂ ಹಿಂಗಾದ್ರ ಯಾರಿಗಾದ್ರೂ ಹೇಳಿ ಮಾಡಿಸ್ಕೋತೀನಿ."

ನಮ್ಮ ಧಂದೆಯಲ್ಲಿ ಒಂದು ರಿವಾಜಿದೆ. ಗಿರಾಕಿಗೆ ಕೆಲಸ ತೋರಿಸಬಾರದು. ಕಲಿತರೆ ತಿರುಗಿ ಬರುವುದಿಲ್ಲ. ಹೇಗೆ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಸಾಕು, ನನ್ನ ಕೈ ತಾನೇ ಸ್ಕ್ರೀನನ್ನು ಆಚೆ ತಿರುಗಿಸುತ್ತದೆ. ಅವತ್ತೂ ತಿರುಗಿಸಿತು. ಕೌಂಟರಿನ ಗಾಜಿನ ಮೇಲೆ ಲ್ಯಾಪ್‌ಟಾಪು ಕರ್ ಎಂದಿತು.

ಆಪಾ ಕೈ ಚಾಚಿದರು. ಬೆರಳಿಗೆ ಸಿಕ್ಕಿದ್ದು ಸ್ಕ್ರೀನಿನ ಬೆನ್ನು.

"ನನ್ ಕಡಿ ಬೆನ್ನ ಮಾಡಿಟ್ಟೀರಲ್ರಿ, ಯಾಕ?"

ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ ದನಿ.

ಝೆರಾಕ್ಸಿಗೆ ನಿಂತಿದ್ದ ದೋರನಹಳ್ಳಿಯ ಹಿರಿಯರೊಬ್ಬರು ನಕ್ಕುಬಿಟ್ಟರು. "ಏ ಸಾವ್ಕಾರ, ಅವ್ರಿಗೂ ಮುಚ್ತಿಯೇನೋ? ಭಾರಿ ಹುಷಾರ್ ಮನಷ್ಯಾ ಬಿಡು!"

ನನ್ನ ಕಿವಿ ಸುಟ್ಟವು. ಆಪಾಗೆ ಆಗ ಎಲ್ಲ ತಿಳಿಯಿತು. ಮುಖವನ್ನು ಆ ನಗುವಿನ ಕಡೆ ಹೊರಳಿಸಿದರು.

"ನಾನಽ ತಿರುವ್ರಿ ಅಂದೀನಿ ಕಾಕಾ. ನಾಳಿ ಪಾಠ ಎಲ್ಲಾ ಅದ್ರಾಗ ಐತಿ. ನೀವು ನಿಂತಲ್ಲೇ ಓದ್ಕೊಂಡು, ನನಗಿಂತ ಮೊದ್ಲ ಯಾದಗಿರಿ ಬಸ್ ಹತ್ತಿ ನೌಕರಿ ಹೊಡ್ಕೊಂಡ್ರ?"

ಇಡೀ ಅಂಗಡಿ ನಕ್ಕಿತು, ಕಾಕಾ ಕೂಡ. ಯಾರೂ ನನ್ನ ಕಡೆ ನೋಡಲಿಲ್ಲ. ಆಪಾ ಬೈದಿದ್ದರೆ ಅಲ್ಲಿಗೇ ತೀರುತ್ತಿತ್ತು.

ಸ್ಕ್ರೀನನ್ನು ಮರಳಿ ಅವರ ಕಡೆ ತಿರುಗಿಸಿದೆ. ಅದರಿಂದ ಅವರಿಗೆ ಏನೂ ಆಗಬೇಕಿರಲಿಲ್ಲ, ಗೊತ್ತು. ಆಮೇಲೆ ಹೇಳುತ್ತ ಮಾಡಿದೆ. ನೀವೂ ತಿಳಿದಿಟ್ಟುಕೊಳ್ಳಿ, ಮುಂದೆ ಯಾರ ಅಂಗಡಿಗೂ ಹೋಗಬೇಕಿಲ್ಲ: ಲ್ಯಾಪ್‌ಟಾಪ್ ಕಂಪನಿಯದೇ ಡ್ರೈವರನ್ನು ಮೊದಲು ಇಳಿಸಿಟ್ಟುಕೊಳ್ಳಿ. ಆಮೇಲೆ ವೈಫೈ ಬಂದ್ ಮಾಡಿ, ಇಲ್ಲದಿದ್ದರೆ ವಿಂಡೋಸು ತನಗೆ ಬೇಕಾದ್ದನ್ನೇ ಎಳೆದು ತರುತ್ತದೆ. ಹಾಳು ಡ್ರೈವರನ್ನು ತೆಗೆಯುವಾಗ ಫೈಲುಗಳನ್ನೂ ಅಳಿಸಬೇಕೇ ಎಂದು ಒಂದು ಚೌಕ ಕೇಳುತ್ತದೆ, ಅದಕ್ಕೆ ಗುರುತು ಹಾಕಿ. ಅಷ್ಟಾದರೂ ಅಡಿಯಲ್ಲಿ ಹಳೆಯ ಡ್ರೈವರೊಂದು ಅಡಗಿರುತ್ತದೆ. ಅದನ್ನೂ ತೆಗೆಯದೆ ಬಿಡಬೇಡಿ. ರೀಸ್ಟಾರ್ಟ್ ಮಾಡಿ ಹೊಸದನ್ನು ಹಾಕಿ.

ನಾನು ಹೇಳಿದ್ದನ್ನೆಲ್ಲ ಆಪಾ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು. ಕೊನೆಗೆ ತಗಡಿನ ಮೇಲೆ ಜೋಳ ಸುರಿಯಿತು. ಅವರು ಓಢಣಿ ಸಿಕ್ಕಿಸಿಕೊಂಡು ತಲೆ ವಾಲಿಸಿದರು.

"ಐತಿ... ಎಲ್ಲಾ ಐತ್ರಿ ಭಾಯಿ."

ನೌಕರಿ ಸಿಕ್ಕಿತು. ಈಗ ಯಾದಗಿರಿಯಲ್ಲೇ ಮನೆ. ಆ ದಿನದ ಮಾತನ್ನು ಅವರು ಎಂದೂ ತೆಗೆದಿಲ್ಲ. ಅದರ ಬದಲು ನನ್ನ ಅಂಗಡಿಗೆ ಜನರನ್ನು ಕಳಿಸುತ್ತಾರೆ. ಮೊನ್ನೆ ಸುರಪುರದಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು, ಅವಳದ್ದೂ ಸೌಂಡಿನ ತಕರಾರೇ. ಕೆಲಸಕ್ಕೆ ಕೂತೆ. ಅವಳು ಕೌಂಟರಿನ ಮೇಲೆ ಬಗ್ಗಿ ನೋಡಿದಳು. ನನ್ನ ಕೈ ಸ್ಕ್ರೀನಿನ ಅಂಚಿಗೆ ಹೋಯಿತು. ಇನ್ನೂ ಹೋಗುತ್ತದೆ, ಸುಳ್ಳೇಕೆ ಹೇಳಲಿ.

"ಆಪಾ ಹೇಳ್ಯಾರ್ರಿ ಅಣ್ಣಾರ," ಎಂದಳು ಅವಳು, "ಶಹಾಪುರದಾಗ ಏನೂ ಮುಚ್ಚಿಡಲಾರ್ದ ಹೇಳಿಕೊಡೋ ಅಂಗಡಿ ಅಂದ್ರ ನಿಮ್ದೊಂದಽ ಅಂತ."

ಕಿವಿ ಮತ್ತೆ ಸುಟ್ಟವು. ಸ್ಕ್ರೀನನ್ನು ಅವಳ ಕಡೆ ತಿರುಗಿಸಿದೆ.

"ಬರ್ರಿ, ಒಳಗ ಬಂದು ಕುಂದರ್ರಿ" ಎಂದೆ. "ಮೊದಲ ವೈಫೈ ಬಂದ್ ಮಾಡ್ಬೇಕು. ಯಾಕಂತ ಹೇಳ್ತೀನಿ, ಕೇಳ್ರಿ."